ಅನಸೂಯಮ್ಮ ಕಟ್ಟಿದ ಕುಚ್ಚು

ಈ ಪರದೇಶದ ಮಿಲ್ ಕ್ರೀಕ್ ಊರಿನ ಸುತ್ತ ನಮ್ಮವರ ಮದುವೆ ಎಂದರೆ ಮಂಟಪದ ಬಟ್ಟೆ ಅನಸೂಯಮ್ಮನವರದೇ. ಜರಿಯಂಚು ಹೊಲಿದು, ನಾಲ್ಕು ಮೂಲೆಗೂ ರೇಷ್ಮೆಯ ಕುಚ್ಚು ಕಟ್ಟಿ ಕೊಡುತ್ತಿದ್ದರು. ಮುಹೂರ್ತದ ಹೊತ್ತಿಗೆ ಮಾತ್ರ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತಿರುತ್ತಿದ್ದರು. ಗಂಡ ಸತ್ತವಳು ಮಂಟಪದ ಹತ್ತಿರ ಸುಳಿಯಬಾರದು ಎಂದು ಚಾಮರಾಜನಗರದಲ್ಲಿ ಯಾರೋ ಅಂದಿದ್ದನ್ನು ಇಲ್ಲಿಯವರೆಗೂ ಹೊತ್ತು ತಂದಿದ್ದರು. ಇಲ್ಲಿ ಯಾರೂ ಹಾಗೆ ಅನ್ನಲಿಲ್ಲ, ನಿಜ. ಮುಂದೆ ಬನ್ನಿ ಎಂದು ಕರೆದವರೂ ಇಲ್ಲ. ನಮ್ಮ ಜನ ಅಷ್ಟು ಒಳ್ಳೆಯವರು.

2014ರ ಬೇಸಿಗೆ. ಪಕ್ಕದ ಮನೆಯ ಹರ್ಶೆಲ್ ಯಹೂದಿ ಮುದುಕರು, ಹೊಟ್ಟೆಯಲ್ಲಿ ಕ್ಯಾನ್ಸರ್. ಅವರ ಮಗಳು ಲಿಯಾ ಡೆಕ್ಲನ್ ಎಂಬ ಕ್ಯಾಥೊಲಿಕ್ ಹುಡುಗನನ್ನು ಮದುವೆಯಾಗಲು ಹೊರಟಿದ್ದಳು. ಎತ್ತು ಏರಿಗೆ, ಕೋಣ ನೀರಿಗೆ. ಪಾದ್ರಿಗೆ ಚರ್ಚಿನೊಳಗೇ ಆಗಬೇಕು. ಯಹೂದಿ ಗುರು ರಬ್ಬಿಗೆ ಚರ್ಚೂ ಆಗದು, ಅವರ ವಾರದ ಪವಿತ್ರ ದಿನವಾದ ಶನಿವಾರವೂ ಆಗದು. ಕೊನೆಗೆ ಬೇರೊಬ್ಬ ರಬ್ಬಿ ಸಿಕ್ಕರು, ಪಾದ್ರಿಗೂ ಮೇಲಿನಿಂದ ಅನುಮತಿ ಬಂತು. ಭಾನುವಾರ, ಹರ್ಶೆಲ್ ಅವರ ಹಿತ್ತಿಲಲ್ಲಿ, ನಾಲ್ಕು ಕೋಲಿನ ಚಪ್ಪರದ ಕೆಳಗೆ ರಬ್ಬಿಯ ಏಳು ಆಶೀರ್ವಾದ, ಪಾದ್ರಿಯ ಪ್ರಾರ್ಥನೆ. ಕೊನೆಗೆ ಯಹೂದಿಗಳ ಪದ್ಧತಿಯಂತೆ ವರ ಗಾಜಿನ ಲೋಟವನ್ನು ತುಳಿದು ಒಡೆಯುವುದು. ಇದೆಲ್ಲ ಇಂಗ್ಲಿಷಿನಲ್ಲಿ ತೀರ್ಮಾನವಾಯಿತು. ಅನಸೂಯಮ್ಮನವರಿಗೆ ತಲುಪಿದ್ದು ಚಪ್ಪರದ ಬಟ್ಟೆ ಹೊಲಿಯುವ ಕೆಲಸ ಮಾತ್ರ.

ಹರ್ಶೆಲ್ ಕೇಳಿದ್ದು ಒಂದೇ. ತಾವು ಪ್ರಾರ್ಥನೆಗೆ ಹೊದೆಯುವ ಶಾಲೇ ಚಪ್ಪರದ ಬಟ್ಟೆಯಾಗಬೇಕು, ಅದರ ಕೆಳಗೆ ಮಗಳ ಪಕ್ಕ ತಾವು ನಿಂತಿರಬೇಕು. ಅದಕ್ಕಾಗಿಯೇ ಜೀವ ಹಿಡಿದುಕೊಂಡಿದ್ದರು.

ಶಾಲಿನ ಮೂಲೆಗಳಲ್ಲಿ ಗಂಟುಗಂಟಾದ ಬಿಳಿ ದಾರಗಳು ಮಾಸಿ ಜೋತಾಡುತ್ತಿದ್ದವು. ಮದುವೆಯ ಬಟ್ಟೆ ಹೀಗಿದ್ದರೆ ಹೇಗೆ? ಅನಸೂಯಮ್ಮ ಒಂದು ಮೂಲೆಯ ದಾರ ಕತ್ತರಿಸಿ ಬಂಗಾರದ ಬಣ್ಣದ ಕುಚ್ಚು ಕಟ್ಟಿದರು. ಎಷ್ಟು ಚೆನ್ನಾಗಿ ಕಂಡಿತೆಂದರೆ, ತೋರಿಸಲು ಲಿಯಾಳನ್ನು ತಾವೇ ಕರೆದರು. ಲಿಯಾ ನೋಡಿದವಳೇ ಬಾಯಿಗೆ ಕೈ ಅಡ್ಡ ಇಟ್ಟು ಅತ್ತುಬಿಟ್ಟಳು.

ಮಗ ತ್ರಿವಿಕ್ರಮ ಅವಳನ್ನು ಕೇಳಿ ತಿಳಿದುಕೊಂಡ. "ಅಯ್ಯೋ ಅಮ್ಮ, ಏನ್ ಮಾಡ್ಬಿಟ್ಟೆ! ಆ ದಾರ ಅವರಿಗೆ ನಮ್ಮ ಜನಿವಾರ ಇದ್ದ ಹಾಗಂತೆ. ಸತ್ತೋರಿಗೆ ಹೊದಿಸೋವಾಗ ಮಾತ್ರ ಒಂದು ಮೂಲೇದು ಕತ್ತರಿಸ್ತಾರಂತೆ."

ಅನಸೂಯಮ್ಮ ಕುಚ್ಚನ್ನು ಬಿಚ್ಚಿ, ಶಾಲನ್ನು ಹಿಡಿದು ಪಕ್ಕದ ಮನೆಗೆ ಹೋದರು.

ಹರ್ಶೆಲ್ ಬೈಯಲಿಲ್ಲ. ಹೊಸ ದಾರ ಕಟ್ಟಬಹುದು, ನಾನೇ ಕಟ್ಟುತ್ತೇನೆ ಎಂದು ದಾರ ತರಿಸಿದರು. ಅನಸೂಯಮ್ಮ ಮೂಲೆಯನ್ನು ಬಿಗಿಯಾಗಿ ಹಿಡಿದು ಅವರ ಮುಂದೆ ಕೂತರು. ಮುದುಕರ ಬೆರಳು ನಡುಗುತ್ತಿತ್ತು. ಒಂದು ಗಂಟು ಬಿತ್ತು, ಅದೂ ಸಡಿಲ. ಉಳಿದದ್ದು ನಾಳೆ ಎಂದು ಮಲಗಿದರು. ಆ ನಾಳೆ ಬರಲಿಲ್ಲ. ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ.

ಶವಕ್ಕೆ ಆ ಶಾಲನ್ನೇ ಹೊದಿಸಿದರು. ಅದಕ್ಕೆಂದು ಬಂದವರು ಕತ್ತರಿ ತಂದಿದ್ದರಂತೆ. ಒಂದು ಮೂಲೆಯ ದಾರ ಆಗಲೇ ಕತ್ತರಿಸಿದ್ದನ್ನು ನೋಡಿ ಕತ್ತರಿಯನ್ನು ಚೀಲದಲ್ಲೇ ಇಟ್ಟುಕೊಂಡರಂತೆ. ತ್ರಿವಿಕ್ರಮ ಓದಿದ ಹುಡುಗ, ಆದರೂ ಇದನ್ನು ಬಂದು ಅಮ್ಮನ ಮುಂದೆ ಹೇಳಿದ. ಅವನಿಗೆ ನಾಲ್ಕು ಬಾರಿಸಬೇಕು ಅನಿಸುತ್ತದೆ ನನಗೆ.

ತಿಂಗಳ ಶೋಕ ಮುಗಿದ ಮೇಲೆ ಮದುವೆ ಎಂದಾಯಿತು. ಲಿಯಾ ಅಪ್ಪನ ಹಾಸಿಗೆಯ ಬಿಳಿ ಹೊದಿಕೆಯನ್ನು ಮಡಿಸಿ ತಂದಳು. ಚಪ್ಪರಕ್ಕೆ ಇದನ್ನು ನೀವೇ ಹೊಲಿಯಬೇಕು, ಒಂದು ಕೋಲನ್ನೂ ನೀವೇ ಹಿಡಿದು ನಿಲ್ಲಬೇಕು ಎಂದಳು. ಈ ದೇಶಕ್ಕೆ ಬಂದ ಮೇಲೆ ಅವರನ್ನು ಮಂಟಪದ ಹತ್ತಿರ ಕರೆದವಳು ಅವಳೊಬ್ಬಳೇ.

"ನನ್ನ ಕೈ ಸೋಕೋದು ಬೇಡ ಅಂತ ಹೇಳಪ್ಪ," ಎಂದು ಅನಸೂಯಮ್ಮ ಮಗನಿಗೆ ಹೇಳಿ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು.

"ಅವರಿಗೆ ಕ್ಯಾನ್ಸರ್ ಇತ್ತಮ್ಮ! ನಿನ್ನ ಕತ್ತರಿ ಏನ್ ಮಾಡುತ್ತೆ?"

"ನಿಮ್ಮಪ್ಪಂಗೂ ಏನೋ ಕಾಯಿಲೆ ಇತ್ತು. ಆಗ್ಲೂ ಜನ ಅಂದಿದ್ದು ನನ್ನನ್ನೇ."

ಹೊದಿಕೆಯನ್ನು ಬೇರೆ ಯಾರೋ ಹೊಲಿದರು. ಮದುವೆಯ ದಿನ ಅನಸೂಯಮ್ಮ ಹಿತ್ತಿಲ ಕಡೆಯ ಪರದೆ ಎಳೆದು ಅಡುಗೆಮನೆಯಲ್ಲಿ ಕೂತರು. ಕಣ್ಣೂ ಬೀಳಬಾರದು ಎಂದು. ಬೇಲಿಯಾಚೆ ಪ್ರಾರ್ಥನೆ ಕೇಳಿಸಿತು, ಆಮೇಲೆ ಸದ್ದಿಲ್ಲ. ಇದ್ದಕ್ಕಿದ್ದಂತೆ ಗಾಜು ಒಡೆದ ಸದ್ದು, ಹಿಂದೆಯೇ ಜನರೆಲ್ಲ ಕೂಗಿಕೊಂಡದ್ದು.

ತ್ರಿವಿಕ್ರಮ ತಟ್ಟೆಯಲ್ಲಿ ಕೇಕ್ ಇಟ್ಟುಕೊಂಡು ಬಂದಾಗ ಅವರು ನೆಲದ ಮೇಲೆ ಕೂತು ಅಳುತ್ತಿದ್ದರು. "ಮುಟ್ಟಲಿಲ್ಲ, ನೋಡ್ಲೂ ಇಲ್ಲ. ಆದ್ರೂ ಒಡೀತಲ್ಲೋ!"

"ಅದು ಅವರ ಶಾಸ್ತ್ರ ಅಮ್ಮ, ಬೇಕು ಅಂತಲೇ ಒಡೆಯೋದು. ಎಲ್ಲರೂ ಖುಷಿಯಾಗಿ ಕೂಗಿದ್ದು."

ಅನಸೂಯಮ್ಮ ಮಗನ ಮುಖವನ್ನೇ ನೋಡಿದರು. "ಮದುವೇಲಿ ಗಾಜು ಒಡೆದು ಖುಷಿಪಡೋರು ಇರ್ತಾರೇನೋ? ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ, ಕಂದ."