ಅಕ್ಕ ಅಪ್ಪನ ಮುಂದೆ ಆಡದ ಮಾತು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಹೊಸಲು ದಾಟುವವರು ಯಾರೂ ‘ಹೋಗ್ತೀನಿ’ ಅನ್ನುತ್ತಿರಲಿಲ್ಲ. ಹೊಲಕ್ಕೆ ಹೊರಟರೂ ‘ಬತ್ತೀನಿ’, ಸಂತೆಗೆ ಹೊರಟರೂ ‘ಬತ್ತೀನಿ’. ಅವ್ವ ಮಾತ್ರ ಹೆರಿಗೆಗೆಂದು ತವರಿಗೆ ಹೊರಟಾಗ, ಗಾಡಿ ಹತ್ತುವ ಗಡಿಬಿಡಿಯಲ್ಲಿ, ‘ಹೋಗ್ತೀನಿ’ ಅಂದುಬಿಟ್ಟಿದ್ದಳು. ಅವ್ವ ಮತ್ತೆ ಬರಲೇ ಇಲ್ಲ.

ಅಕ್ಕ ಚನ್ನಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಓದುತ್ತಿದ್ದಳು. ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಲೇ ಇಂಗ್ಲಿಷ್ ಉರುಹೊಡೆಯುವಳು. ನನಗೋ ‘ಕಮ್’, ‘ಗೋ’ ಎರಡೂ ಕಲಸಿಹೋಗುತ್ತಿದ್ದವು. ನನ್ನ ಕಡೆ ನಡೆದು ಬಂದರೆ ಕಮ್, ನನ್ನ ಬಿಟ್ಟು ನಡೆದರೆ ಗೋ ಅಂತ ಅಕ್ಕ ಹುಳುವಿನ ತಟ್ಟೆಗಳ ನಡುವೆ ನಡೆದು ತೋರಿಸಿದ್ದಳು. ಪರೀಕ್ಷೆಯಲ್ಲಿ ಗೆದ್ದರೆ ಓದು, ಸೋತರೆ ಮದುವೆ ಎಂದು ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ.

ಪರೀಕ್ಷೆ ಮಾಡಲು ಬಿಳಿ ದೊರೆಸಾನಿಯೊಬ್ಬರು ಬಂದರು. ಅವತ್ತು ಹೆತ್ತವರೂ ಬರಬೇಕಿತ್ತು. ಅಪ್ಪ ನನ್ನ ಕೈ ಹಿಡಿದು ಶಾಲೆಯ ಬಾಗಿಲ ಬಳಿ ನಿಂತಿದ್ದ. ಪಕ್ಕದಲ್ಲಿ ಗೊಂಬೆ ಮಾಡುವವರ ಮನೆಯಿಂದ ಬಿಸಿ ಅರಗಿನ ವಾಸನೆ ಬರುತ್ತಿತ್ತು. ‘ಹೋಗ್ತೀನಿ ಅಂತ ಅಪ್ಪನಿಗೆ ಇಂಗ್ಲಿಷಿನಲ್ಲಿ ಹೇಳಿ ಹೊರಗೆ ಹೊರಡು’ ಅಂದರು ದೊರೆಸಾನಿ ಅಕ್ಕನಿಗೆ. ಮೇಷ್ಟ್ರು ಅದನ್ನು ಕನ್ನಡದಲ್ಲಿ ತಿಳಿಸಿದರು. ಅಕ್ಕ ಹೊಸಲ ತನಕ ಬಂದಳು. ಅಪ್ಪನ ಮುಖ ನೋಡಿದಳು. ‘ಐ ಕಮ್’ ಅಂದಳು.

ನನಗೆ ಕಲಿಸಿದವಳಿಗೇ ಗೊತ್ತಿಲ್ಲವೇ! ಮೇಷ್ಟ್ರು ಇನ್ನೊಮ್ಮೆ ಕೇಳಿದರೂ ಅದೇ ಉತ್ತರ. ದೊರೆಸಾನಿ ತಪ್ಪೆಂದು ಬರೆಯಲು ಪೆನ್ನು ಎತ್ತಿಕೊಂಡರು. ನಿನಗೇನು ಬಂತು, ಎಲ್ಲಾ ಮರೆತೆಯಾ ಎಂದು ಮೇಷ್ಟ್ರು ಗದರಿದರು.

“ಗೊತ್ತು ಮೇಷ್ಟ್ರೇ. ಅಪ್ಪನ ಮುಂದೆ ಹೋಗ್ತೀನಿ ಅಂತ ಯಾವ ಬಾಸೆಲೂ ಅನ್ನಾಕಿಲ್ಲ ನಾನು.”

ಅವ್ವ ಸತ್ತಾಗಲೂ ಅಪ್ಪ ಅತ್ತದ್ದನ್ನು ನಾನು ಕಂಡಿರಲಿಲ್ಲ. ಈಗ ಅಷ್ಟು ಜನರ ಎದುರಿಗೆ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಪ್ಪ ಮೇಷ್ಟ್ರ ಕಡೆ ತಿರುಗಿದ.

“ಒಸಿ ತಡೀರಿ ಸ್ವಾಮಿ. ನಾನು ಕಾಣ್ದಂಗೆ ಆಚೆ ನಿಂತ್ಕತೀನಿ. ಇನ್ನೊಂದ್ ಕಿತ ಕೇಳಿ, ಕೂಸು ಹೇಳ್ತದೆ.”

ನನ್ನನ್ನೂ ಎಳೆದುಕೊಂಡು ರಸ್ತೆಯಾಚೆ ಗೋಡೆಯ ಮರೆಗೆ ನಿಂತ. ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ. ಹಾದಿಯಲ್ಲಿ ಹೋಗುವವರು ನಿಂತು ನೋಡಿದರು. ಯಾರೂ ಇಲ್ಲದ ಬಾಗಿಲಿಗೆ ಅಕ್ಕ ಗಟ್ಟಿಯಾಗಿ ‘ಐ ಗೋ’ ಅಂದದ್ದು ನನಗೆ ಕೇಳಿಸಿತು. ಅಕ್ಕ ಮುಂದೆ ಓದಿದಳು.

ಈಗ ನೀವು ಹೆಗಲಿಗೆ ಚೀಲ ಏರಿಸಿ, ‘ಹೋಗ್ತೀನಜ್ಜಿ’ ಎಂದು ಕೂಗಿ ಶಾಲೆಯ ಬಸ್ಸಿಗೆ ಓಡುತ್ತೀರಿ. ನಿಮಗೆ ಆ ಮಾತಿನ ಭಯವಿಲ್ಲ, ಇರಲೂ ಬೇಡ. ನಾನು ಮಾತ್ರ ಸಂಜೆ ನೀವು ಬರುವ ತನಕ ಬಾಗಿಲಿಗೆ ಚಿಲಕ ಹಾಕುವುದಿಲ್ಲ.