‘ಡಿಸ್ಕಸ್’ ಮುಂದೆ ‘ಅಬೌಟ್’ ಬರುವುದಿಲ್ಲ

ಬೇರೆಯವರ ತಪ್ಪು ನನ್ನ ಕಣ್ಣಿಗೆ ಬಹಳ ಬೇಗ ಬೀಳುತ್ತದೆ. ಯಾರಾದರೂ ಮದುವೆ ಪತ್ರಿಕೆ ಕೊಟ್ಟರೆ ಮುಹೂರ್ತಕ್ಕಿಂತ ಮೊದಲು ಅಚ್ಚಿನ ತಪ್ಪು ನೋಡುತ್ತೇನೆ. ಹೋಟೆಲಿನ ತಿಂಡಿ ಪಟ್ಟಿ, ಬಸ್ಸಿನ ಹಿಂದಿನ ಬರಹ, ತಮ್ಮನ ಮಗಳು ಕಳಿಸುವ ಮೆಸೇಜು, ಯಾವುದನ್ನೂ ಬಿಟ್ಟವಳಲ್ಲ. ಇಪ್ಪತ್ತೆರಡು ವರ್ಷದಿಂದ ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ, ಕಸುಬು ಅಂಟಿಕೊಂಡಿದೆ ಎಂದು ಮನೆಯವರು ನಗುತ್ತಾರೆ.

ಕಸುಬಲ್ಲ, ಇದು ಅದಕ್ಕಿಂತ ಹಳೆಯ ಕಾಯಿಲೆ. ನಮ್ಮದು ಚಿತ್ರದುರ್ಗದ ಹಳೇ ಪೇಟೆಯ ಮನೆ. ಅಬ್ಬಾ ಹಾಸಿಗೆ, ದಿಂಬು ಹೊಲಿಯುತ್ತಿದ್ದರು. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಮೂರನೇ ಕ್ಲಾಸಿನಲ್ಲಿ ಒಂದು ದಿನ ತಡವಾಗಿ ಹೋದ ನಾನು ‘ಬಸ್ಸು ಈಗ ಬಂದಳು ಮಿಸ್’ ಎಂದುಬಿಟ್ಟೆ. ಉರ್ದುವಿನಲ್ಲಿ ಬಸ್ಸು ಹೆಣ್ಣು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಆಮೇಲೆ ವರ್ಷವಿಡೀ ನಾನು ಕಂಡರೆ ಸಾಕು, ‘ಬಸ್ಸಮ್ಮ ಬಂದಳು’ ಎನ್ನುತ್ತಿದ್ದರು. ಇನ್ನೆಂದೂ ಯಾವ ಭಾಷೆಯಲ್ಲೂ ಯಾರ ಕೈಗೂ ಸಿಕ್ಕಿಬೀಳಬಾರದು ಎಂದು ಆಗಲೇ ಹಟ ಹಿಡಿದೆ. ಸಿಕ್ಕಿಬೀಳಲೂ ಇಲ್ಲ. ಬೇರೆಯವರನ್ನು ಹಿಡಿದುಕೊಡುವುದನ್ನು ಮಾತ್ರ ಚೆನ್ನಾಗಿ ಕಲಿತೆ.

ಗೆಳತಿಯೊಬ್ಬಳು ಸಿಕ್ಕಿದ್ದು ಬಸ್ಸಿನಲ್ಲಿ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ರೈತರ ಮನೆಯ ಮಗಳು, ನನಗಿಂತ ಮೂರು ವರ್ಷ ದೊಡ್ಡವಳು. ಹೊಳಲ್ಕೆರೆ ದಾಟಿ ಹೊಸದುರ್ಗಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಅವಳೂ ಇಂಗ್ಲಿಷ್ ಟೀಚರ್. ಆಗ ಇಬ್ಬರ ಮನೆಯೂ ಚಿತ್ರದುರ್ಗದಲ್ಲೇ ಇತ್ತು, ಬೆಳಿಗ್ಗೆ ಎಂಟರ ಬಸ್ಸು ಇಬ್ಬರಿಗೂ ಒಂದೇ. ತೊಡೆಯ ಮೇಲೆ ನೋಟ್‌ಬುಕ್ಕುಗಳ ಕಟ್ಟು ಇಟ್ಟುಕೊಂಡು ತಿದ್ದುತ್ತಿದ್ದ ನನ್ನ ಪಕ್ಕ ಬಂದು ಕೂತವಳು, ಸ್ವಲ್ಪ ಹೊತ್ತು ನೋಡಿ, “ಬಸ್ಸಲ್ಲೂ ಬಿಡಲ್ವಲ್ಲೇ ತಾಯಿ, ಪಾಪ ಆ ಹುಡುಗ್ರನ್ನ” ಎಂದಳು. ಪರಿಚಯವಿಲ್ಲದವರು ಏಕವಚನದಲ್ಲಿ ಮಾತಾಡಿಸಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವಳ ಬಾಯಲ್ಲಿ ಉರಿಯಲಿಲ್ಲ. ವಾರದೊಳಗೆ ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ.

ಒಂದು ದಿನ ತಾನಾಗಿಯೇ ಹೇಳಿಕೊಂಡಳು. “ಪಾಠ ಮಾಡಾಕೆ ಬರ್ತೈತೆ ಕಣೇ. ನಾಲ್ಕು ಜನರ ಎದುರಿಗೆ ಮಾತಾಡಾಕೆ ಭಯ. ಆ ಅಟ್ಟು, ಫಾರು, ಟೂ, ಆನು ಅವೆಯಲ್ಲ, ಅವು ನನ್ನ ಕೈಗೇ ಸಿಗಲ್ಲ.” ಕ್ರಿಯಾಪದ, ಅದರ ಪ್ರಿಪೊಸಿಷನ್ ಎಂದು ದಿನಕ್ಕೊಂದು ಜೋಡಿ ತೆಗೆದುಕೊಳ್ಳೋಣ ಎಂದೆ. ಹೊಳಲ್ಕೆರೆ ಬರುವ ತನಕ ಅದೇ ಮಾತು. ತಪ್ಪಿದವರು ಮಾರನೇ ದಿನ ಕಡಲೆಮಿಠಾಯಿ ತರಬೇಕು.

ಗುಡ್ಡದ ಮೇಲಿನ ಗಾಳಿಯಂತ್ರಗಳೇ ನಮ್ಮ ಮೊದಲ ಪಾಠ. ಅವು ಸುಮ್ಮನೆ ಕಣ್ಣಿಗೆ ಬಿದ್ದರೆ ‘ಸೀ’, ಬೇಕೆಂದೇ ಅತ್ತ ತಿರುಗಿದರೆ ‘ಲುಕ್ ಅಟ್’, ರೆಕ್ಕೆ ಸುತ್ತುವುದನ್ನೇ ನೋಡುತ್ತ ಕೂತರೆ ‘ವಾಚ್’. ಇನ್ನೊಂದು ದಿನ ‘ಹಿಯರ್’, ‘ಲಿಸನ್ ಟು’, ‘ಆಸ್ಕ್’ ಬಂತು. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. “ನಮ್ಗೆ ಎಲ್ಲಾ ಕೇಳಾದೇ. ಒಂದು ಮಾತಲ್ಲಿ ಮುಗೀತೈತೆ. ಇವರಿಗೆ ಕೇಳಾಕೂ ಮೂರು ಬೇಕೇನೇ?” ‘ಥಿಂಕ್ ಆಫ್’ಗೂ ‘ಥಿಂಕ್ ಅಬೌಟ್’ಗೂ ಏನು ವ್ಯತ್ಯಾಸ ಎಂದು ನಾನು ವ್ಯಾಕರಣದ ಪುಸ್ತಕ ತೆಗೆದು ಉದ್ದಕ್ಕೆ ವಿವರಿಸುತ್ತಿದ್ದೆ. ಕೇಳಿಸಿಕೊಂಡು ಕಿಟಕಿಯ ಕಡೆ ತಿರುಗಿದವಳು, “ಅಂದ್ರೆ, ಆಫ್ ಅಂದ್ರೆ ತವರು ನೆಪ್ಪಾಗಾದು. ಅಬೌಟ್ ಅಂದ್ರೆ ನೆಪ್ಪಾದ್ ಮ್ಯಾಲೆ ಅದನ್ನೇ ಹಿಡ್ಕಂಡು ಕುಂತ್ಕಳಾದು. ಅಷ್ಟೇ ತಾನೆ?” ಎಂದಳು. ಅಷ್ಟೇ. ನಾನು ಪುಸ್ತಕ ಮುಚ್ಚಿದೆ.

ಕಡಲೆಮಿಠಾಯಿ ಹೆಚ್ಚಾಗಿ ಅವಳೇ ತರುತ್ತಿದ್ದಳು. ಮಾತಿನ ಮಧ್ಯೆ ತಪ್ಪು ಬಂದ ಕೂಡಲೇ ನಾನು ಅವಳ ಮೊಣಕಾಲಿಗೆ ಬೆರಳಿನಿಂದ ಕುಟ್ಟುತ್ತಿದ್ದೆ. ಅವಳು ನಾಲಿಗೆ ಕಚ್ಚಿಕೊಂಡು ಮತ್ತೆ ಹೇಳುತ್ತಿದ್ದಳು. ನಾಲ್ಕು ವರ್ಷ ಹೀಗೇ ನಡೆಯಿತು. ನನ್ನ ಬದುಕಿನಲ್ಲಿ ಅಷ್ಟು ನಕ್ಕ ಕಾಲ ಬೇರೆ ಇಲ್ಲ.

ನಮ್ಮ ಶಾಲೆಗೆ ರಜೆ ಇದ್ದ ಒಂದು ದಿನ ಅವಳ ಜೊತೆ ಅವಳ ಶಾಲೆಗೆ ಹೋದೆ. ಅವಳು ಕ್ಲಾಸಿಗೆ ಒಂದು ಮೇಕೆಮರಿ ತರಿಸಿದ್ದಳು. ಹುಡುಗಿಯೊಬ್ಬಳು ಅದನ್ನು ಎಲ್ಲೋ ಬೆಂಚಿನ ಕೆಳಗೆ ಬಚ್ಚಿಟ್ಟಳು. ಇಡೀ ಕ್ಲಾಸು ‘ಲುಕ್ ಫಾರ್, ಲುಕ್ ಫಾರ್’ ಎನ್ನುತ್ತ ನೆಲಕ್ಕೆ ಬಗ್ಗಿ ಹುಡುಕಿತು. ಸಿಕ್ಕಿದ ಮೇಲೆ ಎಲ್ಲರೂ ಸುತ್ತ ನಿಂತು ‘ಲುಕ್ ಅಟ್’ ಮಾಡಿದರು. ಕೊನೆಗೆ ಹಿಂದಿನ ಬೆಂಚಿನ ಹುಡುಗನಿಗೆ ಸಂಜೆತನಕ ‘ಲುಕ್ ಆಫ್ಟರ್’ ಮಾಡುವ ಕೆಲಸ ಬಿತ್ತು. ಅವನು ಹುಣಸೆ ಸೊಪ್ಪು ತಿನ್ನಿಸುತ್ತ, ಬೇರೆ ಯಾರೂ ಮುಟ್ಟದಂತೆ ಕಾಯುತ್ತ ಕೂತಿದ್ದ. ಆ ಮಕ್ಕಳು ಸಾಯುವ ತನಕ ಆ ಮೂರನ್ನು ಬೆರೆಸಲಾರರು. ನನ್ನ ಕ್ಲಾಸಿನ ಮಕ್ಕಳು ಅದನ್ನೇ ನೋಟ್ಸಿನಲ್ಲಿ ಬರೆದುಕೊಂಡು, ಪರೀಕ್ಷೆ ಮುಗಿದ ಸಂಜೆಗೆ ಮರೆಯುತ್ತಿದ್ದರು. ವಾಪಸು ಬರುವಾಗ ಅವಳನ್ನು ಬಾಯಿತುಂಬ ಹೊಗಳಿದೆ. ಮೇಕೆಮರಿಯ ಉಪಾಯ ನನಗೆ ಯಾಕೆ ಹೊಳೆಯಲಿಲ್ಲ ಎಂದು ಮನೆ ತಲುಪುವ ತನಕ ಲೆಕ್ಕ ಹಾಕುತ್ತಿದ್ದೆ.

ಅವಳ ಪಾಠದ ಸುದ್ದಿ ಮೇಲಿನವರಿಗೂ ಮುಟ್ಟಿತು. ದುರ್ಗದಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಇತ್ತು, ಅದರಲ್ಲಿ ಒಂದು ಗಂಟೆ ಮಾದರಿ ಪಾಠ ಮಾಡಲು ಅವಳನ್ನು ಕರೆದರು. ಕ್ರಿಯಾಪದಗಳು ಮತ್ತು ಅವುಗಳ ಮುಂದೆ ಬರುವ ಪ್ರಿಪೊಸಿಷನ್ನುಗಳು ಎಂಬುದೇ ವಿಷಯ. ಅವಳಿಗಿಂತ ಮೊದಲು ನೌಕರಿಗೆ ಸೇರಿದ, ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ ನನ್ನನ್ನು ಯಾರೂ ಕರೆದಿರಲಿಲ್ಲ. “ನೀನೇ ಮಾಡೇ, ನಂಗೆ ಈಗಲೇ ಕೈಕಾಲು ನಡುಗ್ತಾವೆ” ಎಂದು ಅವಳು ಗೋಗರೆದಳು. ನಾನು ದೊಡ್ಡ ಮನಸ್ಸು ತೋರಿಸಿ ಧೈರ್ಯ ಹೇಳಿದೆ. ಎರಡು ವಾರ ಬಸ್ಸಿನಲ್ಲಿ ಅದನ್ನೇ ಅಭ್ಯಾಸ ಮಾಡಿದಳು. ಹಿಂದಿನ ದಿನ ಇಳಿಯುವಾಗ ನನ್ನ ಕೈ ಹಿಡಿದುಕೊಂಡು, “ಮುಂದ್ಗಡೆನೇ ಕುಂತ್ಕ. ಬ್ಯಾರೆ ಯಾರನ್ನೂ ನೋಡಲ್ಲ, ನಿನ್ ಮುಖ ನೋಡ್ಕಂಡೇ ಮಾತಾಡ್ತೀನಿ” ಎಂದಳು.

ಎರಡನೇ ಸಾಲಿನಲ್ಲಿ ಕೂತೆ. ಅವಳು ಹಸಿರು ಅಂಚಿನ ಸೀರೆ ಉಟ್ಟು, ಕೈಯಲ್ಲಿ ಸೀಮೆಸುಣ್ಣ ಹಿಡಿದು, ನಿಜವಾಗಿಯೂ ನನ್ನನ್ನೇ ನೋಡುತ್ತಿದ್ದಳು. ಮೊದಲ ಹತ್ತು ನಿಮಿಷ ಎಷ್ಟು ಚೆಂದ ಮಾತಾಡಿದಳೆಂದರೆ, ಹಿಂದಿನ ಸಾಲಿನಲ್ಲಿ ಮೊಬೈಲು ನೋಡುತ್ತಿದ್ದವರೂ ತಲೆ ಎತ್ತಿದ್ದರು. ಆಮೇಲೆ ಬೋರ್ಡಿನ ಕಡೆ ತಿರುಗುತ್ತ, ‘ಈಗ ನಾವು ಲುಕ್ ಎಂಬ ಪದದ ಬಗ್ಗೆ ಚರ್ಚಿಸೋಣ’ ಎಂಬರ್ಥದ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಳು. ‘ಡಿಸ್ಕಸ್ ಅಬೌಟ್’ ಎಂದಳು.

“ಡಿಸ್ಕಸ್ ಮುಂದೆ ಅಬೌಟ್ ಬರಲ್ಲ” ಎಂದೆ ನಾನು. ಮೆಲ್ಲಗೆ ಹೇಳಲಿಲ್ಲ. ಎಲ್ಲರಿಗೂ ಕೇಳಿಸುವಂತೆ ಹೇಳಿದೆ.

ಸಭೆ ಗೊಳ್ಳೆಂದು ನಕ್ಕಿತು. ಹಿಂದಿನಿಂದ ಒಬ್ಬ ಮೇಷ್ಟ್ರು, “ಪ್ರಿಪೊಸಿಷನ್ ಕ್ಲಾಸಲ್ಲೇ ಪ್ರಿಪೊಸಿಷನ್ ಹೋಯ್ತಲ್ರಿ!” ಎಂದರು. ಮತ್ತೂ ನಕ್ಕರು. ನಾನೂ ನಕ್ಕೆ. ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು, ಬೇರೆ ಎಲ್ಲಿ ನೋಡಬೇಕೆಂದು ಗೊತ್ತಾಗದೆ. ‘ಸಾರಿ’ ಎಂದಳು. ಮತ್ತೆ ಒಂದು ವಾಕ್ಯ ಶುರು ಮಾಡಿ ನಿಲ್ಲಿಸಿದಳು, ಇನ್ನೊಂದು ಶುರು ಮಾಡಿದಳು. ಉಳಿದ ಪಾಠವನ್ನು ಕನ್ನಡದಲ್ಲಿ ಹೇಗೋ ಇಪ್ಪತ್ತು ನಿಮಿಷಕ್ಕೆ ಮುಗಿಸಿ ಇಳಿದಳು. ಸಂಜೆ ಬಾಗಿಲ ಹತ್ತಿರ ಸಿಕ್ಕಾಗ, “ಸರಿಯಾಗೇ ಹೇಳ್ದೆ ಬಿಡು” ಎಂದು ಚಪ್ಪಲಿ ಹುಡುಕತೊಡಗಿದಳು.

ಅಭ್ಯಾಸಬಲ, ಬಸ್ಸಿನಲ್ಲಿ ಕುಟ್ಟಿ ಕುಟ್ಟಿ ರೂಢಿಯಾಗಿತ್ತು ಎಂದು ಕೇಳಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಸುಳ್ಳು. ಆ ಮಾತು ಬಾಯಿಂದ ಹೊರಡುವ ಮೊದಲು ಒಂದು ಗಳಿಗೆ ಇತ್ತು. ಹೇಳದೆ ಇರಬಹುದು ಎಂಬುದು ಆ ಗಳಿಗೆಯಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ಜನರ ಎದುರಿಗೆ, ಇವಳಿಗೆ ಕಲಿಸಿದ್ದು ನಾನು ಎಂದು ತೋರಿಸಬೇಕಿತ್ತು ನನಗೆ. ಹೊಟ್ಟೆಕಿಚ್ಚು ಎನ್ನುವುದಕ್ಕೆ ಬೇರೆ ಹೆಸರು ಹುಡುಕಿ ನನಗೆ ಸಾಕಾಗಿದೆ.

ಮಾರನೇ ವಾರ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬಂದಿರಲಿಲ್ಲ, ರೆಪ್ಪೆ ಅದುರುತ್ತಿತ್ತು. ಅದರ ಮುಂದಿನ ವಾರದಿಂದ ಏಳರ ಬಸ್ಸಿಗೆ ಹೋಗತೊಡಗಿದಳು. ಆಮೇಲೆ ಕೊರೊನಾ ಬಂದು ಶಾಲೆಗಳು ಮುಚ್ಚಿದವು, ತಪ್ಪೊಪ್ಪಿಕೊಳ್ಳದೆ ಕೂರಲು ನನಗೊಂದು ಸರ್ಕಾರಿ ನೆಪ ಸಿಕ್ಕಿತು. ಶಾಲೆ ತೆರೆಯುವ ಹೊತ್ತಿಗೆ ಅವಳು ಮನೆಯನ್ನೇ ಹೊಸದುರ್ಗಕ್ಕೆ ಸಾಗಿಸಿದ್ದಳು. ಫೋನಿನಲ್ಲಿ ಒಮ್ಮೆ ಇಂಗ್ಲಿಷಿನಲ್ಲಿ ಕ್ಷಮೆ ಬರೆದೆ. ಯಾರಿಗೆ ಎನ್ನಲು ‘ಟು’, ಯಾವುದಕ್ಕೆ ಎನ್ನಲು ‘ಫಾರ್’, ಎಲ್ಲ ಸರಿಯಾಗಿ ಜೋಡಿಸಿ ನೋಡಿದರೆ ತಹಸೀಲ್ದಾರರಿಗೆ ಬರೆದ ಅರ್ಜಿಯಂತಿತ್ತು. ಅಳಿಸಿಬಿಟ್ಟೆ.

ಹೋದ ವರ್ಷ ಅವಳ ಶಾಲೆಯಿಂದ ನಮ್ಮಲ್ಲಿಗೆ ವರ್ಗವಾಗಿ ಬಂದ ಟೀಚರ್ ಒಬ್ಬರನ್ನು ಅವಳ ಬಗ್ಗೆ ವಿಚಾರಿಸಿದೆ. “ಅವ್ರು ಈಗ ಇಂಗ್ಲಿಷ್ ತಗಳಲ್ಲ ಮೇಡಂ, ಸಮಾಜ ಪಾಠ ಮಾಡ್ತಾರೆ. ಅತಿಥಿ ಶಿಕ್ಷಕಿ ಒಬ್ಬರು ಇಂಗ್ಲಿಷ್ ನೋಡ್ಕಂತಾರೆ” ಎಂದರು. ಮೇಕೆಮರಿಯ ಪಾಠ ಈಗಲೂ ಮಾಡುತ್ತಾರಾ ಎಂದೆ. ಅವರಿಗೆ ಅಂಥದ್ದೊಂದು ಇತ್ತೆಂಬುದೇ ಗೊತ್ತಿರಲಿಲ್ಲ. ಅವಳು ನನ್ನ ಮೇಲಿನ ಸಿಟ್ಟಿಗೆ ನನ್ನನ್ನು ಬಿಟ್ಟಿದ್ದಾಳೆ ಎಂದುಕೊಂಡಿದ್ದೆ. ಅವಳು ಇಂಗ್ಲಿಷನ್ನೂ ಬಿಟ್ಟಿದ್ದಳು.

ಈ ಜೂನ್ ತಿಂಗಳ ಒಂದು ಭಾನುವಾರ ಗಟ್ಟಿ ಮನಸ್ಸು ಮಾಡಿ ಹೊಸದುರ್ಗದ ಬಸ್ಸು ಹತ್ತಿದೆ. ಏನಾದರೂ ಅನ್ನಲಿ, ಬೈಯಲಿ, ಬಾಗಿಲು ಹಾಕಲಿ, ಬಾಯಿಬಿಟ್ಟು ತಪ್ಪಾಯಿತು ಎಂದು ಹೇಳಿಯೇ ಬರಬೇಕು ಎಂದುಕೊಂಡಿದ್ದೆ. ಅವಳ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಅವಳು ಹೊರಗೆ ಬಂದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಮುಖ ಅರಳಿತು, ನಿಜವಾಗಿಯೂ ಅರಳಿತು.

“ಅಯ್ಯೋ ಬರ್ರಿ ಮೇಡಂ, ಬರ್ರಿ. ಇಲ್ಲೇ ಜಗಲಿ ಮ್ಯಾಲೆ ಕುಂತ್ಕಳ್ರಿ. ಒಳಗೆ ಮಗಳಿಗೆ ಅಮ್ಮ ಬಂದೈತೆ. ನಿಮಗೆ ಆಗೈತೋ ಇಲ್ವೋ.”

ನನಗೆ ಚಿಕ್ಕಂದಿನಲ್ಲೇ ಆಗಿದೆ ಎಂದೆ. ಆದರೂ ಜಗಲಿಯ ಮೇಲೇ ಕೂತೆ. ಆ ‘ಮೇಡಂ’ ಕೇಳಿದ ಮೇಲೆ ಹೊಸ್ತಿಲು ದಾಟಲು ಮನಸ್ಸಾಗಲಿಲ್ಲ. ಟೀ ತಂದುಕೊಟ್ಟಳು. ಇನ್ನು ತಡ ಮಾಡಿದರೆ ಆಗುವುದಿಲ್ಲ ಎನಿಸಿ, ಲೋಟ ಕೆಳಗಿಟ್ಟು, “ಅಕ್ಕಾ, ಅವತ್ತು ತರಬೇತಿಯಲ್ಲಿ ನಾನು ಹಂಗೆ ಅನ್ನಬಾರದಿತ್ತು. ಹೊಟ್ಟೆಕಿಚ್ಚಿಗೆ ಅಂದೆ. ತಪ್ಪಾಯ್ತು” ಎಂದೆ. ಹೇಳುವಾಗಲೇ ಅಳು ಬಂತು.

ಅವಳು ಯಾವುದೆಂದು ಒಂದು ಕ್ಷಣ ಯೋಚಿಸಿದಳು. “ಅದಾ! ಅಳಬ್ಯಾಡ್ರಿ, ಅದಕ್ಯಾಕೆ ಅಳ್ತೀರಿ? ನೀವು ಹೇಳಿದ್ದು ಸರೀನೇ ಇತ್ತಲ್ಲ. ನಂಗೇ ಬರ್ತಿರ್ಲಿಲ್ಲ. ಅವತ್ತು ನೀವು ಹೇಳಿದ್ದೇ ಒಳ್ಳೇದಾತು, ಇಲ್ದಿದ್ರೆ ಬರ್ತೈತೆ ಅಂತಲೇ ತಿಳ್ಕಂಡು ಇರ್ತಿದ್ದೆ.” ಅವಳ ದನಿಯಲ್ಲಿ ಚೂರೂ ಕಹಿ ಇರಲಿಲ್ಲ. ಸಿಟ್ಟು ಇದ್ದಿದ್ದರೆ ಕಾಲು ಹಿಡಿಯಬಹುದಿತ್ತು.

ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ಒಂದು ಹಾಳೆ ತಂದಳು. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಕಾಲೇಜು ತೆರೆದರೂ ಹೋಗಲಾಗುತ್ತಿಲ್ಲ, ತಡವಾಗಿ ಬರುವುದಕ್ಕೆ ಪೋಷಕರೇ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಂತೆ. “ಮೂರು ದಿನದಿಂದ ಬರೀತಿದೀನಿ. ದೇವರು ಕಳಿಸ್ದಂಗೆ ಬಂದ್ರಿ. ತಿದ್ದಿಕೊಡ್ರಿ.” ಹಾಳೆಯ ಅಡಿಯಲ್ಲಿ ಹೊಡೆದುಹಾಕಿದ ಇನ್ನೂ ಐದಾರು ಹಾಳೆಗಳಿದ್ದವು.

ಓದಿದೆ. ನಾಲ್ಕೇ ಸಾಲು. ಮಗಳು ಚಿಕನ್‌ಪಾಕ್ಸ್‌ನಿಂದ ನರಳುತ್ತಿದ್ದಾಳೆ ಎನ್ನುವಲ್ಲಿ ‘ಫ್ರಮ್’ ಸರಿಯಾಗಿತ್ತು. ಗುಣವಾದ ಮೇಲೆ ಎನ್ನುವಲ್ಲಿಯೂ ಸರಿಯಾಗಿತ್ತು. ತರಗತಿಗೆ ಹಾಜರಾಗುವುದು ಎನ್ನುವಲ್ಲಿ, ಬಹಳ ಜನ ಸುಮ್ಮನೆ ಸೇರಿಸುವ ‘ಟು’ ಇರಲಿಲ್ಲ. ಮತ್ತೊಮ್ಮೆ ಓದಿದೆ, ನನ್ನ ಕಣ್ಣಿಗೆ ಅಪರೂಪಕ್ಕೆ ಕೆಲಸವಿಲ್ಲದೆ ಹೋಗಿತ್ತು.

“ಒಂದೂ ತಪ್ಪಿಲ್ಲ ಅಕ್ಕ” ಎಂದೆ.

ಅವಳು ನಕ್ಕಳು. “ನನ್ನ ಸಮಾಧಾನಕ್ಕೆ ಹೇಳಬ್ಯಾಡ್ರಿ ಮೇಡಂ. ಮಗಳ ವಿಚಾರ ಇದು, ಅಲ್ಲಿ ಯಾರಾದ್ರೂ ನಕ್ಕರೆ ಅವಳಿಗೆ ಅವಮಾನ.”

“ಖುದಾ ಆಣೆಗೂ ಇಲ್ಲ. ನಾನು ಬರೆದಿದ್ದರೂ ಹಿಂಗೇ ಬರೀತಿದ್ದೆ.”

“ಇರ್ಲೇಬೇಕು. ನೀವು ಸರಿಯಾಗಿ ನೋಡ್ತಿಲ್ಲ” ಎಂದಳು. ನಗು ಹೋಗಿತ್ತು. ಕಣ್ಣಲ್ಲಿ ನೀರು ಬರುವಷ್ಟು ಗಾಬರಿ ಇತ್ತು. ಒಳಗಿನಿಂದ ಮಗಳು, “ಬಿಡಮ್ಮ, ಅವರೇ ಸರಿ ಐತೆ ಅಂತಾರಲ್ಲ” ಎಂದು ಕೂಗಿದಳು. ಅದು ಅವಳ ಕಿವಿಗೆ ಹೋದಂತೆ ಕಾಣಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟು, ಎದುರಿಗೆ ನಿಂತೇ ಇದ್ದಳು, ಮಾರ್ಕ್ಸಿಗೆ ಕಾಯುವ ಹುಡುಗಿಯಂತೆ.

ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಮೂರನೇ ಸಾಲಿನಲ್ಲಿ ‘ಸ್ಟಾರ್ಟ್’ ಎಂದು ಬರೆದಿದ್ದಳು. ಅಲ್ಲಿ ಅದೂ ಸರಿ, ‘ಬಿಗಿನ್’ ಎಂದರೂ ಸರಿ. ನಾನು ‘ಸ್ಟಾರ್ಟ್’ ಹೊಡೆದುಹಾಕಿ ಮೇಲೆ ‘ಬಿಗಿನ್’ ಎಂದು ಬರೆದೆ.

ಅವಳು ಬಗ್ಗಿ ನೋಡಿದಳು. ಉಸಿರು ಬಿಟ್ಟಳು, ಮುಖ ಹಗುರಾಯಿತು.

“ನೋಡಿದ್ರಾ, ನಂಗೆ ಗೊತ್ತಿತ್ತು” ಎಂದಳು. ಹೊಸ ಹಾಳೆಯೊಂದನ್ನು ತೆಗೆದುಕೊಂಡು, ನನ್ನ ಪಕ್ಕದಲ್ಲೇ ಕೂತು, ಮೊದಲ ಸಾಲಿನಿಂದ ಬರೆಯತೊಡಗಿದಳು.