ಅರ್ಜಿಯೊಳಗೆ ಸೊಪ್ಪಿನ ಅಕ್ಕನ ಹೆಸರು

ಮೊನ್ನೆ ಪಾಂಡವಪುರದಲ್ಲಿ ಜೆರಾಕ್ಸ್ ಮಾಡಿಸಲು ಹೋದಾಗ ಅಂಗಡಿಯವನು ಹಳೇ ಕಾರ್ಬನ್ ಹಾಳೆಯ ಕಟ್ಟೊಂದನ್ನು ಕಸಕ್ಕೆ ಎಸೆಯುತ್ತಿದ್ದ. ಆ ಮೇಣದಂಥ ವಾಸನೆ ಮೂಗಿಗೆ ಬಿದ್ದದ್ದೇ, ನಮ್ಮ ಮೇಷ್ಟ್ರು ಕಣ್ಣ ಮುಂದೆ ಬಂದು ಕೂತರು...

ಇಂಗ್ಲಿಷ್ ಪಾಠ ಹೇಳಿ ರಿಟೈರಾಗಿದ್ದ ಅವರು ಜಗುಲಿಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಊರವರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದರು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ದುಡಿಮೆಯಲ್ಲಿ ಯಾರಿಗೂ ಸೋತವನಲ್ಲ. ಅರವತ್ತರ ದಶಕದ ಆ ದಿನಗಳಲ್ಲಿ, ತೊಣ್ಣೂರಿನಾಚೆಯ ನಮ್ಮೂರಿನಲ್ಲಿ ತೋಟ ಗುತ್ತಿಗೆ ಹಿಡಿದು ಬದನೆ ಬೆಳೆಯುತ್ತಿದ್ದೆ. ಮೈಸೂರು ಮಾರ್ಕೆಟ್ಟಿಗೆ ಹೋಗುವ ಬೆಳಗಿನ ಬಸ್ಸು ನಮ್ಮೂರ ಗೇಟಿನಲ್ಲಿ ನಿಲ್ಲುತ್ತಿರಲಿಲ್ಲ. ಬದನೆ ಮೂಟೆಯನ್ನು ಮುಂದಿನ ಸ್ಟಾಪಿಗೆ ಹೊತ್ತು ಹೋಗುವಷ್ಟರಲ್ಲಿ ಅದು ಹೊರಟಿರುತ್ತಿತ್ತು. ಇನ್ನೊಂದು ಬೆಳೆ ಹೀಗೇ ಬಾಡಿದರೆ ತೋಟ ಬಿಡಬೇಕಾಗಿತ್ತು.

"ಬಸ್ಸು ನಿಲ್ಸಕಿಲ್ಲ ಅಂತ ಊರೋರೆಲ್ಲ ಯೋಳ್ತಾವ್ರೆ, ಅಂಗೇ ಬರೀರಿ ಸಾ," ಅಂದೆ.

ಮೇಷ್ಟ್ರು ಕೀಲಿಯಿಂದ ಬೆರಳು ತೆಗೆದರು. "ಎಲ್ಲರೂ ಅಂದ್ರೆ ಯಾರಯ್ಯ? 'ಅಕಾರ್ಡಿಂಗ್ ಟು', ಅಂದ್ರೆ ಇಂಥವರು ಹೇಳೋ ಪ್ರಕಾರ, ಅಂತ ಟೈಪ್ ಮಾಡಿದ ಮೇಲೆ ಮುಂದೆ ಒಂದು ಹೆಸರು ಬೇಕು. ಕೇಳಿದ್ರೆ ಹೌದು ಅನ್ನೋರ ಹೆಸರು."

"ಅಂಗಾರೆ ಅಕಾರ್ಡಿಂಗ್ ಟು ನಾನು ಅಂತ ಆಕಿ."

"ನೀನೇ ಕಂಡಿದ್ದಕ್ಕೆ ಅದು ಬೇಡ ಕಣಯ್ಯ. ನಾನು ಕಂಡೆ ಅಂತ ಬರೀತೀನಿ. ಬೇರೆಯವರದ್ದು ಅವರ ಬಾಯಿಂದ ಬರಲಿ."

ಊರೆಲ್ಲ ಸುತ್ತಿದೆ. ಬಸ್ಸಿನವರನ್ನು ಬೈಯಲು ಎಲ್ಲರೂ ತಯಾರು, ಹೆಸರು ಕೊಡಲು ಯಾರೂ ಇಲ್ಲ. "ನಾಳೆ ಕಂಡಕ್ಟ್ರು ಅತ್ತುಸ್ಕೊಳ್ದೆ ಇದ್ರೆ?" ಎಂದು ಒಬ್ಬ ಜಾರಿಕೊಂಡ. ಕೊನೆಗೆ ಪಕ್ಕದ ಮನೆಯ ಸೊಪ್ಪು ಮಾರುವ ಅಕ್ಕ ತಲೆಯ ಮೇಲಿನ ಸೊಪ್ಪಿನ ಮಂಕರಿ ಇಳಿಸಿ, "ನನ್ನೆಸ್ರು ಆಕ್ಸ್ಲಾ. ನಾನಂತೂ ಬಸ್ ಅತ್ತಕ್ಕಾಗ್ನಿಲ್ಲ, ಎಸ್ರಾದ್ರೂ ಮೈಸೂರು ನೋಡ್ಕಂಡ್ ಬರ್ಲಿ," ಅಂದಳು.

ಮೇಷ್ಟ್ರು ಅವಳನ್ನು ಕೂರಿಸಿಕೊಂಡು, ಅವಳ ಮಾತನ್ನು ಅವಳ ಹೆಸರಿನಲ್ಲೇ ಬರೆದರು. ತಮ್ಮದೊಂದು ಮಾತೂ ಸೇರಿಸಲಿಲ್ಲ, ತಮ್ಮ ಹೆಸರನ್ನೂ ಹಾಕಲಿಲ್ಲ. "ಹೇಳಿದವರು ನೀವು. ನಂದು ಬರೀ ಬೆರಳು," ಎಂದು ನಕ್ಕರು.

ಅರ್ಜಿ ಓದಿದ ಬಸ್ಸಿನ ಸಾಹೇಬರು ಮೈಸೂರಿನಿಂದ ಜೀಪಿನಲ್ಲಿ ಬಂದು ನೇರ ಅವಳನ್ನೇ ಹುಡುಕಿದರು. "ನೀನೇ ಏನಮ್ಮ ಹೀಗೆ ಹೇಳಿದ್ದು?"

"ಊ ಕಣ್ ಸಾಮಿ, ನಾನೇ. ಈ ಮಂಕ್ರಿ ಒತ್ಕಂಡು ಬಸ್ ಇಂದೆ ಒಂದ್ಸಾರಿ ಓಡಿ, ನೀವೂ ಅದ್ನೇ ಯೋಳ್ತೀರಿ."

ಆ ತಿಂಗಳಿಂದಲೇ ಬಸ್ಸು ನಮ್ಮೂರ ಗೇಟಿನಲ್ಲಿ ನಿಲ್ಲತೊಡಗಿತು. ನನ್ನ ತೋಟ ಉಳಿಯಿತು...

ಮೇಷ್ಟ್ರು ತೀರಿಕೊಂಡು ಬಹಳ ವರ್ಷವಾಯಿತು. ಅಕ್ಕನೂ ಇಲ್ಲ. ಗೇಟಿನಲ್ಲೀಗ ತಂಗುದಾಣವಿದೆ, ಅದರ ಗೋಡೆಯ ಮೇಲೆ ಇನ್ಯಾರದೋ ಹೆಸರು. ಬಸ್ಸಿಗೆ ಕಾಯುವ ಹುಡುಗರಿಗೆ ನಾನು ಇವರಿಬ್ಬರ ಸಂಗತಿ ಹೇಳುತ್ತೇನೆ. "ಯಾರಂದ್ರು ತಾತ ಅಂಗಂತ?" ಎಂದು ಕೇಳುತ್ತಾರೆ. ನಾನೇ ಕಂಡದ್ದು ಅನ್ನುತ್ತೇನೆ. ಹೌದು ಅನ್ನಲು ಇನ್ನು ಯಾರೂ ಉಳಿದಿಲ್ಲ.